ಇನ್ಸುಲಿನ್‌ನಿಂದ ಬಿಡುಗಡೆ, ಆದರೆ ಯಾವ ಬೆಲೆಗೆ? ಮೇದೋಜೀರಕ ಕಸಿ ಮತ್ತು ಅದರ ಪರ್ಯಾಯಗಳು

ಟೈಪ್ 1 ಮಧುಮೇಹದ ಬಗ್ಗೆ, ಅಂದರೆ ರೋಗನಿರೋಧಕ ಶಕ್ತಿಯೇ ಮೇದೋಜೀರಕದ ಇನ್ಸುಲಿನ್ ತಯಾರಿಸುವ ಕೋಶಗಳನ್ನು ಕೊಲ್ಲುವ ಕಾಯಿಲೆಯ ಬಗ್ಗೆ, ಬರೆದಾಗಲೆಲ್ಲ ಎರಡು ಬಗೆಯ ಪತ್ರಗಳು ಬರುತ್ತವೆ. ಒಂದು, ಮಧುಮೇಹಕ್ಕೆ ಇಪ್ಪತ್ತೈದು ವರ್ಷ ತುಂಬಿ ಕಿಡ್ನಿ ಸೋಲುತ್ತಿರುವವರದು: ‘ಕಿಡ್ನಿ ಕಸಿ ಆಗಲೇಬೇಕು ಎಂದಿದ್ದಾರೆ. ಜೊತೆಗೆ ಮೇದೋಜೀರಕವನ್ನೂ ಹಾಕಬಹುದಂತೆ. ಒಪ್ಪಿಕೊಳ್ಳಲೇ?’ ಇನ್ನೊಂದು ಹೆತ್ತವರದು: ‘ಮಗಳಿಗೆ ಹದಿನೇಳು. ಒಂಬತ್ತನೆಯ ವಯಸ್ಸಿನಿಂದ ದಿನಕ್ಕೆ ನಾಲ್ಕು ಸಲ ಚುಚ್ಚಿಕೊಳ್ಳುತ್ತಿದ್ದಾಳೆ. ಒಂದು ಆಪರೇಷನ್‌ನಿಂದ ಇದೆಲ್ಲ ಮುಗಿಯುವುದಾದರೆ ಮನೆ ಮಾರಿಯಾದರೂ ಮಾಡಿಸುತ್ತೇವೆ.’ ಕೇಳುತ್ತಿರುವ ಶಸ್ತ್ರಚಿಕಿತ್ಸೆ ಒಂದೇ. ಮೊದಲನೆಯವರಿಗೆ ನನ್ನ ಉತ್ತರ ‘ಖಂಡಿತ ವಿಚಾರಿಸಿ, ತಡ ಮಾಡಬೇಡಿ’ ಎಂದು. ಎರಡನೆಯವರಿಗೆ ‘ದಯವಿಟ್ಟು ಮನೆ ಮಾರಬೇಡಿ’ ಎಂದು. ಈ ವ್ಯತ್ಯಾಸ ಎಲ್ಲಿಂದ ಬಂತು ಎಂಬುದೇ ಈ ಬರಹ. ಅಂತಿಮ ನಿರ್ಧಾರ ನಿಮ್ಮನ್ನು ಪರೀಕ್ಷಿಸಿದ ವೈದ್ಯರ ಜೊತೆ ಕುಳಿತೇ ಆಗಬೇಕು. ಅಲ್ಲಿಗೆ ಹೋಗುವಾಗ ಕೈಯಲ್ಲಿ ಸರಿಯಾದ ಪ್ರಶ್ನೆಗಳಿರಲಿ.

ಯಾವುದರಿಂದ ಅಳೆಯಬೇಕು

‘ಇನ್ಸುಲಿನ್ ನಿಂತಿತೇ?’ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಅದೊಂದನ್ನೇ ಹಿಡಿದುಕೊಂಡರೆ ತಪ್ಪು ದಾರಿ ಹಿಡಿಯುವುದು ಖಚಿತ. ಏಕೆಂದರೆ ಕಸಿ ಮಾಡಿಸಿಕೊಂಡವರು ಇನ್ಸುಲಿನ್ ಬಿಟ್ಟು ಸುಮ್ಮನೆ ಇರುವುದಿಲ್ಲ. ಅದರ ಜಾಗಕ್ಕೆ ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್, ಎಷ್ಟೋ ಸಲ ಸ್ಟೀರಾಯ್ಡ್ ಬರುತ್ತವೆ. ದೇಹ ಹೊಸ ಅಂಗವನ್ನು ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆಗಳು ಇವು. ಕಸಿ ಕೆಲಸ ಮಾಡುವಷ್ಟು ಕಾಲ, ಎರಡು ಹೊತ್ತು, ಗಡಿಯಾರ ನೋಡಿ ನುಂಗಬೇಕು. ಸೋಂಕು, ಕೆಲವು ಬಗೆಯ ಕ್ಯಾನ್ಸರ್, ರಕ್ತದೊತ್ತಡ, ಕಿಡ್ನಿಗೆ ಪೆಟ್ಟು ಇವುಗಳ ಜೊತೆಗೇ ಬರುವ ಅಪಾಯಗಳು. ನಮ್ಮ ದೇಶದಲ್ಲಿ ಆ ಪಟ್ಟಿಗೆ ಕ್ಷಯವನ್ನೂ ಸೇರಿಸಿಕೊಳ್ಳಿ. ಹಾಗಾಗಿ ಮೊದಲ ಅಳತೆ ಇದು: ಈ ಮಾತ್ರೆಗಳು ನಿಮಗೆ ಬೇರೆ ಕಾರಣಕ್ಕೆ ಹೇಗೂ ಬೇಕಾಗಿವೆಯೇ, ಇಲ್ಲವೇ?

ಎರಡನೆಯದು ಲೋ ಶುಗರ್. ಸಕ್ಕರೆ ಇಳಿಯುವಾಗ ಬೆವರು, ನಡುಕ, ಎದೆಬಡಿತ ನಿಮಗೆ ಗೊತ್ತಾಗುತ್ತದೆಯೇ? ಅಥವಾ ಏನೂ ತಿಳಿಯದೆ ನೇರವಾಗಿ ಪ್ರಜ್ಞೆ ತಪ್ಪುತ್ತೀರಾ, ಇನ್ನೊಬ್ಬರು ಬಾಯಿಗೆ ಸಕ್ಕರೆ ಹಾಕಿ ಎಬ್ಬಿಸಬೇಕಾಗುತ್ತದೆಯೇ? ಎರಡನೆಯ ಗುಂಪಿನವರ ಪ್ರಾಣಕ್ಕೇ ಅಪಾಯ. ಚುಚ್ಚುಮದ್ದಿನ ಬೇಸರ ಮತ್ತು ಈ ಅಪಾಯ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು.

ಮೂರನೆಯದು ವರ್ಷಗಳು. ಕಸಿಯ ಬಗ್ಗೆ ಹೇಳುವವರು ಸಾಮಾನ್ಯವಾಗಿ ಮೊದಲ ವರ್ಷದ ಅಂಕಿಯನ್ನು ಹೇಳುತ್ತಾರೆ, ಅದು ಯಾವಾಗಲೂ ಚಂದವಾಗಿರುತ್ತದೆ. ಮಧುಮೇಹದ ಹಾನಿ ಮತ್ತು ಅದರ ದುರಸ್ತಿ ಎರಡೂ ದಶಕಗಳ ಲೆಕ್ಕದ ವ್ಯವಹಾರಗಳು. ಐದನೆಯ ಮತ್ತು ಹತ್ತನೆಯ ವರ್ಷದ ಅಂಕಿ ಕೇಳಿ.

ಇವಲ್ಲದೆ ಕಿಡ್ನಿ ಈಗ ಎಷ್ಟು ಕೆಲಸ ಮಾಡುತ್ತಿದೆ, ಹೃದಯದ ರಕ್ತನಾಳಗಳು ಹೇಗಿವೆ, ಹಣ ಎಷ್ಟಿದೆ, ಆಸ್ಪತ್ರೆ ಎಷ್ಟು ದೂರ ಎಂಬುವೂ ಇವೆ. ಅವು ಆಯಾ ಜಾಗದಲ್ಲಿ ಬರುತ್ತವೆ.

‘ಯಶಸ್ವಿ’ ಎಂಬ ಮಾತಿನ ಬಗ್ಗೆಯೂ ಎಚ್ಚರ ಬೇಕು. ಒಂದು ಕೇಂದ್ರ ‘ರೋಗಿ ಬದುಕಿದ್ದಾರೆ’ ಎಂಬುದನ್ನೇ ಯಶಸ್ಸು ಎನ್ನಬಹುದು, ಇನ್ನೊಂದು ‘ಇನ್ಸುಲಿನ್ ಕಡಿಮೆಯಾಗಿದೆ’ ಎಂಬುದನ್ನು. ಈ ಗೊಂದಲ ನಿವಾರಿಸಲು 2017ರಲ್ಲಿ ಆಸ್ಟ್ರಿಯಾದ ಇಗ್ಲ್ಸ್ ಎಂಬ ಊರಿನಲ್ಲಿ ತಜ್ಞರು ಸೇರಿ ಒಂದು ಮಾನದಂಡ ಮಾಡಿದರು. ಮೂರು ತಿಂಗಳ ಸಕ್ಕರೆಯ ಸರಾಸರಿ, ಅಂದರೆ ಎಚ್‌ಬಿಎ1ಸಿ, 6.5ರ ಒಳಗೆ, ತೀವ್ರ ಲೋ ಶುಗರ್ ಒಂದೂ ಇಲ್ಲ, ಇನ್ಸುಲಿನ್ ಇಲ್ಲ, ದೇಹ ತಾನೇ ಇನ್ಸುಲಿನ್ ತಯಾರಿಸುತ್ತಿದೆ ಎಂದು ತೋರಿಸುವ ಸಿ-ಪೆಪ್ಟೈಡ್ ಕಸಿಗೆ ಮುಂಚಿಗಿಂತ ಹೆಚ್ಚಿದೆ. ಈ ನಾಲ್ಕೂ ಇದ್ದರೆ ಅತ್ಯುತ್ತಮ. ಸರಾಸರಿ 7ರ ಒಳಗಿದ್ದು, ತೀವ್ರ ಲೋ ಇಲ್ಲದೆ, ಇನ್ಸುಲಿನ್ ಮೊದಲಿನ ಅರ್ಧಕ್ಕಿಂತ ಕಡಿಮೆಗೆ ಇಳಿದಿದ್ದರೆ ಉತ್ತಮ. ಇದರ ಹಿಂದಿನ ವಿವೇಕವನ್ನು ಗಮನಿಸಿ: ಸ್ವಲ್ಪ ಇನ್ಸುಲಿನ್ ಬೇಕಾದರೂ ಪ್ರಜ್ಞೆ ತಪ್ಪುವುದು ನಿಂತಿದ್ದರೆ ಕಸಿ ತನ್ನ ಕೆಲಸ ಮಾಡುತ್ತಿದೆ ಎಂದೇ ಅರ್ಥ.

ಕಿಡ್ನಿ ಮತ್ತು ಮೇದೋಜೀರಕ ಒಟ್ಟಿಗೆ

1966ರ ಡಿಸೆಂಬರ್‌ನಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಕೆಲ್ಲಿ ಮತ್ತು ರಿಚರ್ಡ್ ಲಿಲ್ಲೆಹೈ ಮಾಡಿದ ಮೊದಲ ಮೇದೋಜೀರಕ ಕಸಿ ಕೂಡ ಕಿಡ್ನಿಯ ಜೊತೆಗೇ ಆಗಿತ್ತು. ಇಂದಿಗೂ ಜಗತ್ತಿನಲ್ಲಿ ಆಗುವ ಮೇದೋಜೀರಕ ಕಸಿಗಳಲ್ಲಿ ಹೆಚ್ಚಿನವು ಇದೇ ಜೋಡಿ. ಮಿದುಳು ನಿಷ್ಕ್ರಿಯಗೊಂಡ ಒಬ್ಬ ದಾನಿಯಿಂದ ಎರಡೂ ಅಂಗಗಳನ್ನು ತೆಗೆದು, ರೋಗಿಯ ಕಿಬ್ಬೊಟ್ಟೆಯ ಎರಡು ಬದಿಗಳಲ್ಲಿ ಜೋಡಿಸುತ್ತಾರೆ. ಹಳೆಯ ಮೇದೋಜೀರಕವನ್ನು ತೆಗೆಯುವುದಿಲ್ಲ. ಇನ್ಸುಲಿನ್ ತಯಾರಿಸದಿದ್ದರೂ ಅದು ಜೀರ್ಣರಸ ಒದಗಿಸುತ್ತಲೇ ಇರುತ್ತದೆ.

ಇದನ್ನು ನಾನು ಮುಂದೆ ಮಾಡುವುದಕ್ಕೆ ಕಾರಣ ಸರಳ. ಕಿಡ್ನಿ ಕಸಿಗಾಗಿ ಆ ಮಾತ್ರೆಗಳನ್ನು ಹೇಗೂ ನುಂಗಲೇಬೇಕು. ಹಾಗಿರುವಾಗ ಮೇದೋಜೀರಕಕ್ಕೆ ಹೆಚ್ಚುವರಿಯಾಗಿ ತೆರುವ ಬೆಲೆ ದೊಡ್ಡದಾದ ಒಂದು ಶಸ್ತ್ರಚಿಕಿತ್ಸೆ ಮತ್ತು ಅದರ ತೊಡಕುಗಳು ಮಾತ್ರ. ಪ್ರತಿಫಲದ ಕಡೆ ನೋಡಿ. ಅಮೆರಿಕದ ಮ್ಯಾಡಿಸನ್‌ನ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ತನ್ನ ಒಂದು ಸಾವಿರ ಜೋಡಿ ಕಸಿಗಳ 22 ವರ್ಷಗಳ ಲೆಕ್ಕವನ್ನು 2009ರಲ್ಲಿ ಪ್ರಕಟಿಸಿತು. ಹತ್ತು ವರ್ಷಗಳ ನಂತರ ನೂರರಲ್ಲಿ 80 ಜನ ಬದುಕಿದ್ದರು. ಇಪ್ಪತ್ತು ವರ್ಷಗಳ ನಂತರ 58 ಜನ. ನುರಿತ ಕೇಂದ್ರವೊಂದರ ಅಂಕಿ ಇದು, ಎಲ್ಲ ಕಡೆ ಇಷ್ಟು ಸಿಗುವುದಿಲ್ಲ. ಮೇದೋಜೀರಕ ಕಸಿಗಳ ಅಂತರರಾಷ್ಟ್ರೀಯ ನೋಂದಣಿಯ ಅಂದಾಜಿನಲ್ಲಿ ಜೋಡಿ ಕಸಿಯ ಮೇದೋಜೀರಕದ ಅರ್ಧಾಯುಷ್ಯ ಸುಮಾರು 14 ವರ್ಷ. ಅಂದರೆ ಅಷ್ಟು ವರ್ಷಗಳ ಹೊತ್ತಿಗೆ ಅರ್ಧದಷ್ಟು ಅಂಗಗಳು ಇನ್ನೂ ನಡೆಯುತ್ತಿರುತ್ತವೆ.

ಕೆಲಸ ಮಾಡುವಷ್ಟು ಕಾಲ ಅದು ಮಾಡುವ ಕೆಲಸದಲ್ಲಿ ಕೊರತೆ ಇಲ್ಲ. ಸರಾಸರಿ 5ರಿಂದ 6ರ ನಡುವೆ ನಿಲ್ಲುತ್ತದೆ, ಅಂದರೆ ಮಧುಮೇಹವೇ ಇಲ್ಲದವರ ಮಟ್ಟ. ಯಾವ ಇನ್ಸುಲಿನ್ ಪಂಪ್ ಕೂಡ ಇಷ್ಟನ್ನು ಇಷ್ಟು ಸಲೀಸಾಗಿ ಕೊಡುವುದಿಲ್ಲ. ಸಕ್ಕರೆ ಇಳಿದಾಗ ಅದನ್ನು ಮೇಲೆತ್ತುವ ಗ್ಲುಕಗಾನ್ ಹಾರ್ಮೋನು ಮತ್ತೆ ಏರತೊಡಗುತ್ತದೆ, ಇಳಿಯುತ್ತಿದೆ ಎಂಬ ಮುನ್ಸೂಚನೆಯೂ ಮರಳುತ್ತದೆ. ಹಬ್ಬದ ಹೋಳಿಗೆಗೆ ಯೂನಿಟ್ ಲೆಕ್ಕ ಹಾಕಬೇಕಾಗಿಲ್ಲ.

ಒಂದು ವಿಚಿತ್ರವೂ ಇದೆ. ಸಹಜವಾಗಿ ಮೇದೋಜೀರಕದ ಇನ್ಸುಲಿನ್ ಮೊದಲು ಯಕೃತ್ತಿಗೆ ಹೋಗುತ್ತದೆ, ಅಲ್ಲಿ ಸರಿಸುಮಾರು ಅರ್ಧ ಖರ್ಚಾಗಿ ಉಳಿದದ್ದು ಮೈಗೆ ಹರಿಯುತ್ತದೆ. ಕಸಿ ಮಾಡಿದ ಅಂಗದ ರಕ್ತನಾಳವನ್ನು ಸಾಮಾನ್ಯವಾಗಿ ಸೊಂಟದ ಭಾಗದ ದೊಡ್ಡ ಅಭಿಧಮನಿಗೆ ಸೇರಿಸುವುದರಿಂದ ಇನ್ಸುಲಿನ್ ನೇರವಾಗಿ ಮೈಗೇ ಬೀಳುತ್ತದೆ. ಹಾಗಾಗಿ ರಕ್ತದಲ್ಲಿ ಇನ್ಸುಲಿನ್ ಎರಡು ಮೂರು ಪಟ್ಟು ಹೆಚ್ಚು ಕಾಣುತ್ತದೆ. ಇದರಿಂದ ಹೃದಯಕ್ಕೆ ತೊಂದರೆಯಾದೀತೇ ಎಂಬ ಭಯ ಬಹಳ ಕಾಲ ಇತ್ತು. ಯಕೃತ್ತಿನ ರಕ್ತನಾಳಕ್ಕೇ ಜೋಡಿಸುವ ವಿಧಾನವೂ ಬಂತು. ಆದರೆ ಸಕ್ಕರೆಯ ಹತೋಟಿಯಲ್ಲಾಗಲಿ ಕಸಿಯ ಆಯುಷ್ಯದಲ್ಲಾಗಲಿ ಎರಡರ ನಡುವೆ ಸ್ಪಷ್ಟ ಅಂತರ ಕಂಡಿಲ್ಲ. ನಿಮ್ಮ ಶಸ್ತ್ರವೈದ್ಯರಿಗೆ ಯಾವುದು ಕೈಗೆ ಪಳಗಿದೆಯೋ ಅದಕ್ಕೇ ಬಿಡಿ, ಇದರ ಮೇಲೆ ವಾದ ಮಾಡಬೇಡಿ.

ಹಾನಿಯ ದುರಸ್ತಿಯ ಮಾತಿಗೆ ಬಂದರೆ ತಾಳ್ಮೆ ಬೇಕು. ನರಗಳ ತೊಂದರೆ ನಿಧಾನವಾಗಿ ನಿಲ್ಲುತ್ತದೆ, ಸ್ವಲ್ಪ ಸುಧಾರಿಸುತ್ತದೆ. ಕಣ್ಣಿನ ರೆಟಿನಾ ಮೊದಲ ತಿಂಗಳುಗಳಲ್ಲಿ ಕೆಡಲೂಬಹುದು, ಸಕ್ಕರೆ ದಿಢೀರನೆ ಇಳಿದಾಗ ಹೀಗಾಗುತ್ತದೆ, ಆಮೇಲೆ ಸ್ಥಿರವಾಗುತ್ತದೆ. ಕಸಿಗೆ ಮುಂಚೆ ಕಣ್ಣಿನ ಲೇಸರ್ ಬೇಕಿದ್ದರೆ ಮುಗಿಸಿಕೊಂಡು ಹೋಗಿ. ಹೊಸ ಕಿಡ್ನಿಗೆ ಮಾತ್ರ ದೊಡ್ಡ ಲಾಭ: ಹಳೆಯದನ್ನು ಹಾಳುಮಾಡಿದ ಸಕ್ಕರೆ ಇದನ್ನು ಮುಟ್ಟುವುದಿಲ್ಲ.

ಇನ್ನು ತೊಡಕುಗಳು. ಮೇದೋಜೀರಕದ ರಕ್ತಹರಿವು ಮಂದ, ಅದರಿಂದಾಗಿ ಮೊದಲ ದಿನಗಳಲ್ಲಿ ರಕ್ತ ಹೆಪ್ಪುಗಟ್ಟಿ ಅಂಗವೇ ಹೋಗಬಹುದು. ಆರಂಭದಲ್ಲೇ ಕಸಿ ಕಳೆದುಕೊಳ್ಳುವವರಲ್ಲಿ ಮುಖ್ಯ ಕಾರಣ ಇದೇ. ಸೋರಿಕೆ, ಹೊಟ್ಟೆಯೊಳಗಿನ ಸೋಂಕು, ರಕ್ತಸ್ರಾವ ಎಂದು ಸರಿಸುಮಾರು ನಾಲ್ವರಲ್ಲಿ ಒಬ್ಬರನ್ನು ಮತ್ತೆ ಆಪರೇಷನ್ ಕೋಣೆಗೆ ಕರೆದೊಯ್ಯಬೇಕಾಗುತ್ತದೆ. ಅಂಗದ ಜೀರ್ಣರಸವನ್ನು ಹಿಂದೆ ಮೂತ್ರಕೋಶಕ್ಕೆ ಹರಿಸುತ್ತಿದ್ದರು. ಅದರಿಂದ ಬೈಕಾರ್ಬೊನೇಟ್ ನಷ್ಟ, ನಿರ್ಜಲೀಕರಣ, ಉರಿಮೂತ್ರದ ಕಾಟ. ಈಗ ಹೆಚ್ಚಾಗಿ ಕರುಳಿಗೇ ಜೋಡಿಸುತ್ತಾರೆ.

ಮನೆಯವರ ಕಿಡ್ನಿ ಮೊದಲು, ಮೇದೋಜೀರಕ ಆಮೇಲೆ (ಅಥವಾ ಬೇಡವೇ ಬೇಡ)

ಭಾರತದಲ್ಲಿ ಕಿಡ್ನಿ ಕಸಿಯೆಂದರೆ ಬಹುಪಾಲು ಅಮ್ಮ, ಹೆಂಡತಿ ಅಥವಾ ಅಕ್ಕ ಕೊಟ್ಟ ಕಿಡ್ನಿ. ಮರಣೋತ್ತರ ದಾನ ಹತ್ತು ಲಕ್ಷ ಜನಕ್ಕೆ ಒಂದರಷ್ಟೂ ಇಲ್ಲದ ದೇಶದಲ್ಲಿ ಜೋಡಿ ಅಂಗಕ್ಕಾಗಿ ಪಟ್ಟಿಯಲ್ಲಿ ಕಾಯುವುದು ಎಲ್ಲರಿಗೂ ಆಗುವ ಮಾತಲ್ಲ. ಕಾಯುತ್ತಾ ಡಯಾಲಿಸಿಸ್‌ನಲ್ಲಿ ಕಳೆದ ಪ್ರತಿ ವರ್ಷವೂ ಆಯುಷ್ಯವನ್ನು ಕಡಿಮೆ ಮಾಡುತ್ತದೆ, ಟೈಪ್ 1 ಇರುವವರಲ್ಲಿ ಇನ್ನೂ ವೇಗವಾಗಿ. ಹಾಗಾಗಿ ಮನೆಯಲ್ಲಿ ಒಪ್ಪುವ, ಆರೋಗ್ಯವಂತ ದಾನಿ ಇದ್ದರೆ ಮೊದಲು ಆ ಕಿಡ್ನಿಯನ್ನು ಪಡೆಯಿರಿ ಎಂಬುದೇ ನನ್ನ ಪಕ್ಷ. ಆ ದಾನಿಗೂ ಮಧುಮೇಹದ ತಪಾಸಣೆ ಕಟ್ಟುನಿಟ್ಟಾಗಿ ಆಗಬೇಕು ಎಂಬುದನ್ನು ಮರೆಯಬೇಡಿ.

ಆಮೇಲೆ ಎರಡು ದಾರಿ. ಒಂದು, ಕೆಲವು ತಿಂಗಳ ನಂತರ ಮರಣೋತ್ತರ ದಾನಿಯಿಂದ ಮೇದೋಜೀರಕ. ಮಾತ್ರೆಗಳ ಬೆಲೆ ಈಗಾಗಲೇ ತೆತ್ತಾಗಿದೆ, ಇದು ಲಾಭ. ಆದರೆ ಹೀಗೆ ಬೇರೆಯಾಗಿ ಬಂದ ಮೇದೋಜೀರಕದ ಅರ್ಧಾಯುಷ್ಯ ನೋಂದಣಿಯ ಅದೇ ಲೆಕ್ಕದಲ್ಲಿ ಸುಮಾರು 7 ವರ್ಷ, ಜೋಡಿಯ ಅರ್ಧ. ಏಕೆ? ಜೋಡಿ ಕಸಿಯಲ್ಲಿ ಎರಡೂ ಒಬ್ಬರೇ ದಾನಿಯವು. ದೇಹ ತಿರಸ್ಕರಿಸಲು ಹೊರಟರೆ ಹೆಚ್ಚಿನ ಸಲ ಕಿಡ್ನಿ ಮೊದಲು ಮಾತಾಡುತ್ತದೆ, ಕಿಡ್ನಿ ಸೋತಾಗ ಹೆಚ್ಚುವ ಕ್ರಿಯಾಟಿನಿನ್ ರಕ್ತದಲ್ಲಿ ಏರುತ್ತದೆ, ವೈದ್ಯರು ಎಚ್ಚೆತ್ತು ಚಿಕಿತ್ಸೆ ಕೊಡುತ್ತಾರೆ. ಮೇದೋಜೀರಕ ಒಂಟಿಯಾಗಿದ್ದರೆ ಅಂಥ ಕಾವಲುಗಾರ ಇಲ್ಲ. ಸಕ್ಕರೆ ಏರುವ ಹೊತ್ತಿಗೆ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳಲ್ಲಿ ಬಹುಪಾಲು ಹೋಗಿರುತ್ತವೆ.

ಇನ್ನೊಂದು ದಾರಿ, ಕಿಡ್ನಿಗಷ್ಟೇ ನಿಂತು ಸಕ್ಕರೆಯನ್ನು ಪಂಪ್ ಮತ್ತು ಮೈಗಂಟಿಕೊಂಡು ಸಕ್ಕರೆ ಅಳೆಯುವ ಸೆನ್ಸರ್‌ಗೆ ಒಪ್ಪಿಸುವುದು. ಜೋಡಿ ಕಸಿ ಮತ್ತು ಜೀವಂತ ದಾನಿಯ ಕಿಡ್ನಿ, ಈ ಎರಡರ ನಡುವೆ ಮೊದಲ ಕೆಲವು ವರ್ಷಗಳಲ್ಲಿ ಬದುಕುಳಿಯುವಿಕೆ ಹೆಚ್ಚು ಕಡಿಮೆ ಸಮ. ನಾರ್ವೆ ಮತ್ತು ನೆದರ್ಲೆಂಡ್ಸ್‌ನ ದೀರ್ಘಕಾಲದ ಲೆಕ್ಕಗಳಲ್ಲಿ ಜೋಡಿ ಪಡೆದವರು ಮುಂದಿದ್ದಾರೆ. ಆದರೆ ಜೋಡಿಗೆ ಆರಿಸಲ್ಪಟ್ಟವರು ಮೊದಲೇ ಎಳೆಯರು, ಗಟ್ಟಿಮುಟ್ಟಾದವರು ಎಂಬುದನ್ನು ಈ ಲೆಕ್ಕ ಓದುವಾಗ ಸ್ವಲ್ಪ ಕಳೆದು ಓದಬೇಕು.

ಮೇದೋಜೀರಕ ಮಾತ್ರ

ಹೆತ್ತವರು ಕೇಳುವುದು ಇದನ್ನೇ. ಕಿಡ್ನಿ ಚೆನ್ನಾಗಿದೆ, ಇನ್ಸುಲಿನ್ ಬೇಡವಾಗಿದೆ ಅಷ್ಟೇ. ಇಲ್ಲಿ ಮಾತ್ರೆಗಳ ಪೂರ್ತಿ ಬೆಲೆಯನ್ನು ಹೊಸದಾಗಿ ತೆರಬೇಕು. ಅರ್ಧಾಯುಷ್ಯ ಮತ್ತೆ ಸುಮಾರು 7 ವರ್ಷ. ಅದಕ್ಕಿಂತ ಕಟುವಾದ ವಿಪರ್ಯಾಸವೊಂದಿದೆ: ಟ್ಯಾಕ್ರೋಲಿಮಸ್ ಕಿಡ್ನಿಗೆ ಪೆಟ್ಟು ಕೊಡುತ್ತದೆ, ಬೀಟಾ ಕೋಶಗಳಿಗೂ ಅದು ಒಳ್ಳೆಯದಲ್ಲ. ಕಸಿಗೆ ಮುಂಚೆಯೇ ಕಿಡ್ನಿ ಅರೆಬರೆ ಆಗಿರುವವರಲ್ಲಿ ಕೆಲವರು ಸಕ್ಕರೆ ಗುಣವಾಗಿಯೂ ಕೆಲವೇ ವರ್ಷಗಳಲ್ಲಿ ಡಯಾಲಿಸಿಸ್‌ಗೆ ತಲುಪಿದ್ದಾರೆ.

ಇನ್ನೊಂದು ಬದಿಯನ್ನೂ ಹೇಳಬೇಕು. 1998ರಲ್ಲಿ ಪಾವೊಲಾ ಫಿಯೊರೆಟ್ಟೊ, ಮೈಕೆಲ್ ಮೌಯರ್ ಮತ್ತು ಸಂಗಡಿಗರು ಮೇದೋಜೀರಕ ಮಾತ್ರ ಪಡೆದ ಎಂಟು ಜನರ ಸ್ವಂತ ಕಿಡ್ನಿಯ ಬಯಾಪ್ಸಿಗಳನ್ನು ಪ್ರಕಟಿಸಿದರು: ಕಸಿಗೆ ಮುಂಚೆ, ಐದು ವರ್ಷದ ನಂತರ, ಹತ್ತು ವರ್ಷದ ನಂತರ. ಐದನೆಯ ವರ್ಷದಲ್ಲಿ ಮಧುಮೇಹದ ಗಾಯಗಳು ಹಾಗೆಯೇ ಇದ್ದವು. ಹತ್ತನೆಯ ವರ್ಷಕ್ಕೆ ಅವು ಹಿಮ್ಮೆಟ್ಟಿದ್ದವು! ಮನುಷ್ಯರ ಕಿಡ್ನಿಯಲ್ಲಿ ಮಧುಮೇಹದ ಹಾನಿ ವಾಪಸಾಗಬಲ್ಲದು ಎಂದು ಮೊದಲು ಗಟ್ಟಿಯಾಗಿ ತೋರಿಸಿದ್ದು ಇದು. ಆದರೆ ಅದಕ್ಕೆ ಹತ್ತು ವರ್ಷ ಸತತವಾಗಿ ಸಹಜ ಸಕ್ಕರೆ ಬೇಕು, ಮತ್ತು ಒಂಟಿ ಮೇದೋಜೀರಕಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಷ್ಟು ದೂರ ಬರುವುದಿಲ್ಲ. ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಬೇಕು.

ಬದುಕುಳಿಯುವಿಕೆಯ ಮೇಲೂ ಜಗಳ ನಡೆದಿದೆ. ಅಮೆರಿಕದ 2003ರ ಒಂದು ವಿಶ್ಲೇಷಣೆ, ಮೇದೋಜೀರಕ ಮಾತ್ರ ಪಡೆದವರಿಗಿಂತ ಪಟ್ಟಿಯಲ್ಲಿ ಕಾಯುತ್ತಿದ್ದವರೇ ಹೆಚ್ಚು ಬದುಕಿದರು ಎಂದಿತು. ಮರುವರ್ಷ ಇನ್ನೊಂದು ತಂಡ, ಒಬ್ಬರೇ ಎರಡು ಕಡೆ ಹೆಸರು ಬರೆಸಿದ್ದನ್ನೆಲ್ಲ ಸರಿಪಡಿಸಿ ನೋಡಿದಾಗ ಆ ನಷ್ಟ ಕಾಣಲಿಲ್ಲ. ನಷ್ಟವಿಲ್ಲ ಎಂದು ತೋರಿಸಲು ಇಷ್ಟು ಹೆಣಗಬೇಕಾದ ಚಿಕಿತ್ಸೆಯನ್ನು ಚುಚ್ಚುಮದ್ದಿನ ಬೇಸರಕ್ಕಾಗಿ ನಾನು ಯಾರಿಗೂ ಹೇಳಲಾರೆ. ತಿಳಿವಿಲ್ಲದ ಲೋ ಶುಗರ್‌ನಿಂದ ಪದೇ ಪದೇ ಆಸ್ಪತ್ರೆ ಸೇರುವ, ಪಂಪ್ ಮತ್ತು ಸೆನ್ಸರ್ ಎರಡನ್ನೂ ಪ್ರಾಮಾಣಿಕವಾಗಿ ಬಳಸಿಯೂ ಸೋತ, ಕಿಡ್ನಿ ಗಟ್ಟಿಯಾಗಿರುವ ಕೆಲವರಿಗೆ ಮಾತ್ರ ಇದು ಸರಿ.

ಐಲೆಟ್ ಕೋಶಗಳು, ಸ್ಟೆಮ್ ಸೆಲ್

ಇಡೀ ಅಂಗದ ಬದಲು ಇನ್ಸುಲಿನ್ ತಯಾರಿಸುವ ಐಲೆಟ್ ಕೋಶಗಳನ್ನಷ್ಟೇ ಬೇರ್ಪಡಿಸಿ ಯಕೃತ್ತಿನ ರಕ್ತನಾಳಕ್ಕೆ ಹರಿಸುವುದು ಇನ್ನೊಂದು ವಿಧಾನ. ಹೊಟ್ಟೆ ಕೊಯ್ಯುವಂತಿಲ್ಲ, ಹೆಪ್ಪುಗಟ್ಟಿ ಅಂಗ ಹೋಗುವ ಭಯವಿಲ್ಲ. 2000ದಲ್ಲಿ ಕೆನಡಾದ ಎಡ್ಮಂಟನ್‌ನಲ್ಲಿ ಜೇಮ್ಸ್ ಶಾಪಿರೊ ತಂಡ ಸ್ಟೀರಾಯ್ಡ್ ಇಲ್ಲದೆ ಏಳು ಜನರ ಇನ್ಸುಲಿನ್ ಬಿಡಿಸಿದಾಗ ಜಗತ್ತೇ ಕಣ್ಣರಳಿಸಿತ್ತು. ಅದೇ ಕೇಂದ್ರ ಇಪ್ಪತ್ತು ವರ್ಷಗಳ 255 ರೋಗಿಗಳ ಲೆಕ್ಕವನ್ನು 2022ರಲ್ಲಿ ಕೊಟ್ಟಿತು: ಒಂದು ವರ್ಷಕ್ಕೆ ಇನ್ಸುಲಿನ್ ಇಲ್ಲದವರು ಶೇಕಡ 61, ಐದು ವರ್ಷಕ್ಕೆ 32, ಹತ್ತು ವರ್ಷಕ್ಕೆ 20. ಮೊದಲ ವರ್ಷದ ಅಂಕಿಯನ್ನು ನಂಬಬೇಡಿ ಎಂದದ್ದು ಇದಕ್ಕೇ. ಆದರೂ ಕೋಶಗಳು ಸ್ವಲ್ಪ ಉಳಿದಿದ್ದರೆ ಸಾಕು, ತೀವ್ರ ಲೋ ಶುಗರ್ ಬಹುಮಟ್ಟಿಗೆ ತಪ್ಪುತ್ತದೆ. ಇಗ್ಲ್ಸ್ ಮಾನದಂಡದ ‘ಉತ್ತಮ’ದ ಹಿಂದಿನ ವಿವೇಕ ಇದೇ. ಮಾತ್ರೆಗಳು ಮಾತ್ರ ಇಲ್ಲೂ ತಪ್ಪುವುದಿಲ್ಲ. ಹೃದಯ ದುರ್ಬಲವಾಗಿದ್ದು ದೊಡ್ಡ ಶಸ್ತ್ರಚಿಕಿತ್ಸೆ ತಾಳಲಾರದವರಿಗೆ ಕೆನಡಾ, ಬ್ರಿಟನ್, ಫ್ರಾನ್ಸ್‌ನಂಥ ಕಡೆ ಇದು ಒಳ್ಳೆಯ ಆಯ್ಕೆ. ಭಾರತದಲ್ಲಿ ನಿತ್ಯದ ಚಿಕಿತ್ಸೆಯಾಗಿ ಸಿಗುವುದಿಲ್ಲ. ಹೊರದೇಶದಲ್ಲಿರುವ ಕನ್ನಡಿಗರು ಅಲ್ಲಿನ ವ್ಯವಸ್ಥೆಯಲ್ಲಿ ಕೇಳಿ ನೋಡಬಹುದು.

ಸ್ಟೆಮ್ ಸೆಲ್‌ನಿಂದ (ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶದಿಂದ) ಪ್ರಯೋಗಾಲಯದಲ್ಲೇ ಬೆಳೆಸಿದ ಐಲೆಟ್‌ಗಳು ಈಗ ನಿಜಕ್ಕೂ ಭರವಸೆ ಹುಟ್ಟಿಸಿವೆ. ಝಿಮಿಸ್ಲೆಸೆಲ್ ಎಂಬ ಚಿಕಿತ್ಸೆಯ 2025ರ ವರದಿಯಲ್ಲಿ ಪೂರ್ತಿ ಪ್ರಮಾಣ ಪಡೆದ 12 ಜನರಲ್ಲಿ 10 ಜನ ಒಂದು ವರ್ಷದ ಹೊತ್ತಿಗೆ ಇನ್ಸುಲಿನ್ ಇಲ್ಲದೆ ಇದ್ದರು. ಅದೇ ಅಧ್ಯಯನದಲ್ಲಿ ಇಬ್ಬರು ಸತ್ತರು, ಒಬ್ಬರ ಸಾವು ಕ್ರಿಪ್ಟೊಕಾಕಸ್ ಶಿಲೀಂಧ್ರದ ಮಿದುಳುಜ್ವರದಿಂದ. ದಾನಿಯ ಕೊರತೆ ನೀಗಿದರೂ ಮಾತ್ರೆಗಳ ಬೆಲೆ ಹಾಗೆಯೇ ಉಳಿದಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಸ್ವೀಡನ್ನಿನ ಉಪ್ಸಾಲದಲ್ಲಿ ಜೀನ್ ತಿದ್ದಿದ ದಾನಿಯ ಕೋಶಗಳನ್ನು ಒಬ್ಬ ರೋಗಿಯ ಮುಂಗೈಯ ಸ್ನಾಯುವಿಗೆ ಯಾವ ಮಾತ್ರೆಯೂ ಇಲ್ಲದೆ ಕೊಟ್ಟಿದ್ದಾರೆ, ಕೋಶಗಳು ಉಳಿದು ಸಿ-ಪೆಪ್ಟೈಡ್ ಕಾಣಿಸಿದೆ. ಪ್ರಮಾಣ ಚಿಕ್ಕದು, ಅವರು ಇನ್ಸುಲಿನ್ ಬಿಟ್ಟಿಲ್ಲ. ಹದಿನೇಳರ ಆ ಮಗಳಿಗಾಗಿ ನಾನು ಕಣ್ಣಿಟ್ಟಿರುವುದು ಈ ಕಡೆಗೆ.

ಇಲ್ಲಿ ಒಂದು ಎಚ್ಚರಿಕೆ. ಪತ್ರಿಕೆಯ ಜಾಹೀರಾತಿನಲ್ಲೋ ಮೊಬೈಲ್‌ನಲ್ಲೋ ‘ಸ್ಟೆಮ್ ಸೆಲ್‌ನಿಂದ ಶುಗರ್ ಮಾಯ’ ಎಂದು ಕರೆಯುವವರಿಗೂ ಮೇಲಿನ ಸಂಶೋಧನೆಗಳಿಗೂ ಯಾವ ಸಂಬಂಧವೂ ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ಮಧುಮೇಹಕ್ಕೆ ಸ್ಟೆಮ್ ಸೆಲ್ ಅನ್ನು ಹಣ ಪಡೆದು ಕೊಡುವಂತಿಲ್ಲ. ಪ್ರಯೋಗವಾದರೆ ರೋಗಿಯಿಂದ ಹಣ ಕೇಳುವುದಿಲ್ಲ. ಹಣ ಕೇಳಿದರೆ ಎದ್ದು ಬನ್ನಿ.

ಪಂಪ್ ಮತ್ತು ಸೆನ್ಸರ್

1993ರಲ್ಲಿ 1,441 ಜನರ ಮೇಲಿನ ಪ್ರಸಿದ್ಧ ಅಮೆರಿಕನ್ ಅಧ್ಯಯನ, ಸರಾಸರಿಯನ್ನು 9ರ ಬದಲು 7ರ ಹತ್ತಿರ ಇಟ್ಟರೆ ಕಣ್ಣು, ಕಿಡ್ನಿ, ನರ ಉಳಿಯುತ್ತವೆ ಎಂದು ತೋರಿಸಿತು. ಜೊತೆಗೆ ತೀವ್ರ ಲೋ ಶುಗರ್ ಮೂರು ಪಟ್ಟಾಯಿತು ಎಂದೂ ತೋರಿಸಿತು. ಮೇದೋಜೀರಕ ಕಸಿಯ ಪರವಾದ ವಾದದ ಅರ್ಧ ಬಲ ಇದ್ದದ್ದು ಆ ಎರಡನೆಯ ಮಾತಿನಲ್ಲಿ. ಸೆನ್ಸರ್ ನೋಡಿಕೊಂಡು ತಾನೇ ಇನ್ಸುಲಿನ್ ಏರಿಸಿ ಇಳಿಸುವ ಪಂಪ್‌ಗಳು ಈಗ ಆ ಬಲವನ್ನು ಕುಗ್ಗಿಸಿವೆ. 2019ರಲ್ಲಿ 168 ಜನರ ಮೇಲೆ ನಡೆದ ಪ್ರಯೋಗದಲ್ಲಿ ಸಕ್ಕರೆ 70ರಿಂದ 180ರ ಒಳಗಿರುವ ಸಮಯ ಆರು ತಿಂಗಳಲ್ಲಿ ಶೇಕಡ 61ರಿಂದ 71ಕ್ಕೆ ಏರಿತು, ಲೋ ಹೆಚ್ಚಲಿಲ್ಲ, ಬದಲಿಗೆ ಕಡಿಮೆಯಾಯಿತು. ಕಸಿಯಷ್ಟು ನಿಖರವಲ್ಲ, ಒಪ್ಪುತ್ತೇನೆ. ಆದರೆ ಬೇಡವೆನಿಸಿದರೆ ಬಿಚ್ಚಿಡಬಹುದು. ಯಾವ ಕಸಿಗೂ ಈ ಗುಣ ಇಲ್ಲ.

ನಮ್ಮಲ್ಲಿ ಅಡ್ಡಿ ಹಣದ್ದು. ಇಂಥ ಪಂಪ್‌ಗೆ ಹಲವು ಲಕ್ಷ, ತಿಂಗಳ ಸಾಮಗ್ರಿಗೆ ಪ್ರತ್ಯೇಕ. ಎರಡು ವಾರ ಬಾಳುವ ಸೆನ್ಸರ್ ಒಂದಕ್ಕೇ ಕೆಲವು ಸಾವಿರ ರೂಪಾಯಿ. ಪಂಪ್ ಆಗದವರು ಒಳ್ಳೆಯ ಇನ್ಸುಲಿನ್ ಪೆನ್ ಜೊತೆಗೆ ಸೆನ್ಸರ್ ಒಂದನ್ನಾದರೂ ಹಾಕಿಕೊಂಡರೆ, ಲೋ ಆಗುವ ಮುನ್ನ ಅಲಾರಂ ಕೂಗಿದರೆ, ಅರ್ಧ ದಾರಿ ಸಾಗಿದಂತೆ. ಕೆಲವು ವಾರ ಲೋ ಆಗದಂತೆ ನೋಡಿಕೊಂಡರೆ ಕಳೆದುಹೋದ ಮುನ್ಸೂಚನೆ ಭಾಗಶಃ ಮರಳುತ್ತದೆ. ‘ಪಂಪ್ ಸೋತಿತು’ ಎಂದು ಕಸಿಗೆ ಹೋಗುವ ಮೊದಲು ಅದನ್ನು ತರಬೇತಿಯೊಂದಿಗೆ ಬಳಸಿ ಸೋತಿತೇ ಎಂದು ಕೇಳಿಕೊಳ್ಳಿ.

ಕಸಿಯ ನಂತರ ಸಕ್ಕರೆ ಮತ್ತೆ ಏರಿದರೆ

ಏಳನೆಯ ವರ್ಷವೋ ಹನ್ನೊಂದನೆಯ ವರ್ಷವೋ ಉಪವಾಸದ ಸಕ್ಕರೆ 95ರಿಂದ 120ಕ್ಕೆ ಬರುತ್ತದೆ. ‘ಕಸಿ ಹೋಯಿತು’ ಎಂದು ಕೈಚೆಲ್ಲುವವರೇ ಹೆಚ್ಚು. ಕಾರಣಗಳು ಮೂರು, ಮೂರಕ್ಕೂ ಮದ್ದು ಬೇರೆ. ಮೇದೋಜೀರಕದ ಕಿಣ್ವಗಳಾದ ಅಮೈಲೇಸ್, ಲೈಪೇಸ್ ರಕ್ತದಲ್ಲಿ ಏರಿದ್ದರೆ ತಿರಸ್ಕಾರದ ಶಂಕೆ, ಬಯಾಪ್ಸಿ ಬೇಕು. ಅವು ಸಹಜವಾಗಿದ್ದು ಸಿ-ಪೆಪ್ಟೈಡ್ ಮಾತ್ರ ಕುಸಿಯುತ್ತಿದ್ದರೆ ಮೂಲ ರೋಗವೇ ಮರಳುತ್ತಿರಬಹುದು. ಮಿನ್ನೆಸೋಟದಲ್ಲಿ 1980ರ ದಶಕದಲ್ಲಿ ಅವಳಿಯೊಬ್ಬರ ಮೇದೋಜೀರಕದ ತುಂಡನ್ನು ಮಧುಮೇಹವಿದ್ದ ತದ್ರೂಪಿ ಅವಳಿಗೆ ಕಸಿ ಮಾಡಿದಾಗ, ತಿರಸ್ಕಾರವಿಲ್ಲದಿದ್ದರೂ ದೇಹ ಬೀಟಾ ಕೋಶಗಳನ್ನು ಹುಡುಕಿ ಕೊಂದಿತ್ತು. ಮಾತ್ರೆ ನುಂಗುವವರಲ್ಲೂ ಅಪರೂಪಕ್ಕೆ ಹಾಗಾಗುತ್ತದೆ, ಬೀಟಾ ಕೋಶಗಳ ಮೇಲಿನ ಈ ದಾಳಿಯನ್ನು ತೋರಿಸುವ ಜಿಎಡಿ ಮತ್ತು ಝಡ್‌ಎನ್‌ಟಿ8 ಪ್ರತಿಕಾಯಗಳ ಪರೀಕ್ಷೆ ಸುಳಿವು ಕೊಡುತ್ತದೆ. ಮೂರನೆಯದು ನಮ್ಮವರಲ್ಲಿ ವಿಶೇಷವಾಗಿ ನೋಡಿಕೊಳ್ಳಬೇಕಾದದ್ದು: ಸಿ-ಪೆಪ್ಟೈಡ್ ಚೆನ್ನಾಗಿದೆ, ಬದಲಿಗೆ ಹೆಚ್ಚೇ ಇದೆ, ಆದರೂ ಸಕ್ಕರೆ ಏರುತ್ತಿದೆ. ಆರೋಗ್ಯ ಬಂತೆಂದು ಹೊಟ್ಟೆ ಬೆಳೆದಿದೆ, ಸ್ಟೀರಾಯ್ಡ್ ಜೊತೆಗೂಡಿದೆ, ಇನ್ಸುಲಿನ್ ಮಾತು ಕೇಳುತ್ತಿಲ್ಲ. ಇದು ಟೈಪ್ 2ರ ಕಥೆ. ತೂಕ ಇಳಿಸಿ, ಮಾತ್ರೆ ಬದಲಿಸಿ ಅಂಗವನ್ನು ಉಳಿಸಿಕೊಳ್ಳಬಹುದು. ಅದಕ್ಕಾಗಿ ಆರು ತಿಂಗಳಿಗೊಮ್ಮೆಯಾದರೂ ಸಿ-ಪೆಪ್ಟೈಡ್ ಮಾಡಿಸಿ ವರದಿಗಳನ್ನು ಜೋಪಾನವಾಗಿಡಿ. ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ ಎಚ್‌ಬಿಎ1ಸಿ ಸುಳ್ಳಾಗಿ ಕಡಿಮೆ ತೋರಿಸಬಹುದು ಎಂಬುದೂ ನೆನಪಿರಲಿ.

ಹಾಗಾದರೆ ಯಾರಿಗೆ ಯಾವುದು

ಮೂವತ್ತೆಂಟು ವರ್ಷ, ಇಜಿಎಫ್‌ಆರ್ 20ರ ಕೆಳಗೆ (ಇದು ಕಿಡ್ನಿ ಎಷ್ಟು ಸೋಸುತ್ತಿದೆ ಎಂಬುದರ ಅಳತೆ), ಹೃದಯ ಗಟ್ಟಿ, ಡಯಾಲಿಸಿಸ್ ಇನ್ನೂ ಶುರುವಾಗಿಲ್ಲ, ಕಿಡ್ನಿ ಕೊಡುವವರು ಮನೆಯಲ್ಲಿಲ್ಲ: ಜೋಡಿ ಕಸಿಗೆ ಈಗಲೇ ಹೆಸರು ಬರೆಸಿ. ಕರ್ನಾಟಕದಲ್ಲಿ ಮರಣೋತ್ತರ ದಾನದ ಪಟ್ಟಿಯನ್ನು ನಡೆಸುವುದು ‘ಜೀವಸಾರ್ಥಕತೆ’ ಸಂಸ್ಥೆ, ನೋಂದಣಿ ಆಸ್ಪತ್ರೆಯ ಮೂಲಕವೇ ಆಗುತ್ತದೆ. ದೇಶದಲ್ಲಿ ವರ್ಷಕ್ಕೆ ಆಗುವ ಮೇದೋಜೀರಕ ಕಸಿಗಳು ಕೆಲವೇ ಹತ್ತು. ಚಂಡೀಗಢದ ಪಿಜಿಐ, ಕೊಚ್ಚಿಯ ಅಮೃತಾದಂಥ ಕಡೆ ಅನುಭವ ಇದೆ. ಊರಿಗೆ ಹತ್ತಿರ ಎಂಬುದಕ್ಕಿಂತ ಕೈ ಪಳಗಿದೆ ಎಂಬುದನ್ನೇ ಇಲ್ಲಿ ಮುಂದಿಡಿ.

ಅದೇ ವ್ಯಕ್ತಿಗೆ ಅಕ್ಕ ಕಿಡ್ನಿ ಕೊಡುತ್ತೇನೆ ಎಂದಿದ್ದರೆ: ಅದನ್ನು ತೆಗೆದುಕೊಳ್ಳಿ. ಒಂದು ವರ್ಷ ಸೆನ್ಸರ್ ಜೊತೆ ನೋಡಿ. ಲೋ ಶುಗರ್ ಕಾಡದಿದ್ದರೆ ಮೇದೋಜೀರಕದ ಆಸೆ ಬಿಟ್ಟರೂ ನಷ್ಟವಿಲ್ಲ.

ಐವತ್ತೈದು ದಾಟಿ, ಸ್ಟೆಂಟ್ ಹಾಕಿಸಿಕೊಂಡು, ಡಯಾಲಿಸಿಸ್‌ನಲ್ಲಿರುವವರಿಗೆ ಜೋಡಿ ಕಸಿಯ ಅಪಾಯ ಲಾಭಕ್ಕಿಂತ ದೊಡ್ಡದು. ಕಿಡ್ನಿ ಮಾತ್ರ ಸಾಕು. ಮಗು ಬೇಕೆನ್ನುವ ಹೆಣ್ಣುಮಕ್ಕಳು ಕಸಿಗೆ ಮುಂಚೆಯೇ ಹೇಳಿ. ಮೈಕೋಫಿನೋಲೇಟ್ ಗರ್ಭಕ್ಕೆ ಹಾನಿಕರ, ಬಹಳ ಮೊದಲೇ ಬದಲಿಸಬೇಕಾಗುತ್ತದೆ. ಹಣವೇ ಬಿಗಿ ಎನ್ನುವವರು ಶಸ್ತ್ರಚಿಕಿತ್ಸೆಯ ಖರ್ಚಿಗಿಂತ ಮಾತ್ರೆಗಳ ತಿಂಗಳ ಖರ್ಚನ್ನು ಮೊದಲು ಲೆಕ್ಕ ಹಾಕಿ. ಸಾಲ ಮಾಡಿ ಕಸಿ ಮಾಡಿಸಿ, ಮೂರನೆಯ ವರ್ಷ ಮಾತ್ರೆ ನಿಲ್ಲಿಸಿದರೆ ಅಂಗವೂ ಹೋಗುತ್ತದೆ, ಸಾಲವೂ ಉಳಿಯುತ್ತದೆ. ರಾಜ್ಯ ಸರ್ಕಾರದ ಅಂಗಾಂಗ ಕಸಿ ನೆರವು ನಿಮ್ಮ ಪ್ರಕರಣಕ್ಕೆ ಅನ್ವಯಿಸುತ್ತದೆಯೇ, ಮಾತ್ರೆಗಳಿಗೂ ಸೇರಿದೆಯೇ ಎಂದು ಆಸ್ಪತ್ರೆಯ ಸಂಯೋಜಕರನ್ನು ಬರವಣಿಗೆಯಲ್ಲೇ ಕೇಳಿ.

ಇನ್ನು ಆ ಹದಿನೇಳರ ಹುಡುಗಿ. ಕಿಡ್ನಿ ಸರಿಯಿದೆ, ಲೋ ಆದಾಗ ಗೊತ್ತಾಗುತ್ತದೆ. ಮನೆ ಮಾರುವ ಹಣದ ಒಂದು ಸಣ್ಣ ಪಾಲಿನಲ್ಲಿ ಸೆನ್ಸರ್, ಸಾಧ್ಯವಾದರೆ ಪಂಪ್, ಒಳ್ಳೆಯ ಆಹಾರ ತಜ್ಞರ ಜೊತೆ ಕೂರುವ ಕೆಲವು ಗಂಟೆಗಳು ಸಿಗುತ್ತವೆ. ಇದು ನಿಜಕ್ಕೂ ಟೈಪ್ 1 ಹೌದೇ ಎಂದು ಸಿ-ಪೆಪ್ಟೈಡ್ ಮತ್ತು ಪ್ರತಿಕಾಯಗಳ ಪರೀಕ್ಷೆಯಿಂದ ಖಚಿತಪಡಿಸಿಕೊಂಡಿದ್ದೀರಾ? ದಕ್ಷಿಣ ಭಾರತದಲ್ಲಿ, ಕೇರಳದಲ್ಲಂತೂ ಹೆಚ್ಚಾಗಿ, ಮೇದೋಜೀರಕದಲ್ಲಿ ಕಲ್ಲುಗಟ್ಟಿ ಎಳೆಯ ವಯಸ್ಸಿನಲ್ಲೇ ಬರುವ ಮಧುಮೇಹವೊಂದಿದೆ. ಅದರ ಚಿಕಿತ್ಸೆಯ ದಾರಿ ಬೇರೆ. ವರ್ಷಕ್ಕೊಮ್ಮೆ ಕಣ್ಣು ಮತ್ತು ಮೂತ್ರದ ಆಲ್ಬುಮಿನ್ ಪರೀಕ್ಷೆ ಮಾಡಿಸಿ.

ಕಸಿ ಕೇಂದ್ರಕ್ಕೆ ಹೋಗುವವರು ಕೇಳಬೇಕಾದದ್ದು ಇಷ್ಟು: ಕಳೆದ ಐದು ವರ್ಷಗಳಲ್ಲಿ ಎಷ್ಟು ಮೇದೋಜೀರಕ ಕಸಿ ಮಾಡಿದ್ದೀರಿ? ಅವುಗಳಲ್ಲಿ ಇವತ್ತು ಎಷ್ಟು ಇನ್ಸುಲಿನ್ ಇಲ್ಲದೆ ನಡೆಯುತ್ತಿವೆ? ಎಷ್ಟು ಮೊದಲ ತಿಂಗಳಲ್ಲೇ ಹೆಪ್ಪುಗಟ್ಟಿ ಹೋದವು? ಟ್ಯಾಕ್ರೋಲಿಮಸ್ ಮಟ್ಟದ ರಕ್ತಪರೀಕ್ಷೆಯನ್ನು ನಮ್ಮ ಜಿಲ್ಲೆಯಲ್ಲೇ ಮಾಡಿಸಬಹುದೇ? ರಾತ್ರಿ ಜ್ವರ ಬಂದರೆ ಯಾರಿಗೆ ಫೋನ್ ಮಾಡಬೇಕು? ಮೊದಲ ಮೂರಕ್ಕೆ ಅಂಕಿಯ ಬದಲು ‘ಚಿಂತೆ ಬೇಡ, ಎಲ್ಲ ಚೆನ್ನಾಗಿ ಆಗುತ್ತದೆ’ ಎಂಬ ಉತ್ತರ ಬಂದರೆ ಇನ್ನೊಂದು ಕೇಂದ್ರದ ಅಭಿಪ್ರಾಯ ಪಡೆಯಿರಿ.